ಗಂಟಲು ಕಟ್ಟಿದ ದಿನ ‘ಟೇಕ್’ ಪಾಠ

ಜೂನ್ ೧೨, ಗುರುವಾರ

ಗಂಟಲು ಪೂರ್ತಿ ಕಟ್ಟಿದೆ. ಬಿಸಿನೀರು ಕುಡಿದು ಕುಡಿದು ಸಾಕಾಯಿತು. ಸಂಜೆಯ ಇಂಗ್ಲಿಷ್ ಕ್ಲಾಸಿಗೆ ರಜೆ ಕೊಡೋಣವೆಂದರೆ, ದಿನವೆಲ್ಲ ದುಡಿದ ಆ ಜನ ಆಗಲೇ ಬಂದು ಕೂತಿದ್ದರು. ಬೋರ್ಡಿನ ಮೇಲೆ ‘ಟೇಕ್’ ಎಂದು ಬರೆದು, ಇದನ್ನು ಬಳಸಿ ವಾಕ್ಯ ಮಾಡಿ ಎಂದು ಸನ್ನೆ ಮಾಡಿ ಕೂತೆ. ಇಷ್ಟು ತಿಂಗಳು ಕಿರುಚಿದ್ದೆಲ್ಲ ಗೋರ್ಕಲ್ಲ ಮೇಲೆ ಮಳೆ ಸುರಿದಂತೆ ಎಂದೇ ನಂಬಿದ್ದೆ.

ಟೈಲರಮ್ಮ ಎದ್ದು ಬಂದು ನನ್ನ ಕೈಯಿಂದ ಚಾಕ್‌ಪೀಸ್ ಕಸಿದುಕೊಂಡರು. “ನಾವು ಬಸ್ಸು ಹಿಡೀತೀವಿ, ಫೋಟೊ ತೆಗೀತೀವಿ, ಪರೀಕ್ಷೆ ಬರೀತೀವಿ. ಇಂಗ್ಲಿಷಿನವರಿಗೆ ಎಲ್ಲದಕ್ಕೂ ಇದೊಂದೇ ಟೇಕು. ಪಾಪ, ಎಷ್ಟು ಬಡವರು ನೋಡಿ!”

“ನೀವೂ ಒಂದೇ ಕತ್ತರೀಲಿ ಎಲ್ಲಾ ಬಟ್ಟೆ ಕತ್ತರಿಸಲ್ವಾ ಅಕ್ಕಾ?” ಎಂದರು ಪೇಂಟರ್.

ಆಮೇಲೆ ಗದ್ದಲವೋ ಗದ್ದಲ. ವಾಕ್ಯದ ಮೇಲೆ ವಾಕ್ಯ. ನಾನು ಕಲಿಸಿದ್ದೆಲ್ಲ ಅಲ್ಲೇ ಇತ್ತು.

ಹೊರಡುವಾಗ, ಇಷ್ಟು ದಿನ ತುಟಿ ಪಿಟಕ್ಕೆನ್ನದ ಡ್ರೈವರಣ್ಣ ಬಾಗಿಲಲ್ಲಿ ನಿಂತರು. “ಟೀಚರ್, ಟುಮಾರೋ ಯೂ ಟೇಕ್ ರೆಸ್ಟ್. ವೀ ಟೇಕ್ ಕ್ಲಾಸ್.”

‘ವಿಲ್’ ಎಲ್ಲಿ ಹೋಯಿತು ಎಂದು ತಿದ್ದಲು ಬಾಯಿ ತೆರೆದೆ. ದನಿ ಹೊರಡಲಿಲ್ಲ. ನನ್ನ ಪುಣ್ಯ.