ಹೆಪ್ಪು ಚೆಲ್ಲಿದ ಮೇಲೆ

ನಿನ್ನೆ ಸಂಜೆಯಿಂದ ಅಲುಗಾಡದೆ ಮಲಗಿರುವ ನನ್ನ ಕಂದಾ,

ಇದು ನಿದ್ದೆಯೋ, ಸಿಟ್ಟೋ? ನಿದ್ದೆಯಾದರೆ ಸಾಕು, ಏಳು. ಸಿಟ್ಟಾದರೆ ದಿನಾ ಮಾಡುವ ಹಾಗೆ ನನ್ನ ಪಕ್ಕೆಲುಬಿನ ಮೇಲೆ ತೀರಿಸಿಕೋ. ನಿನ್ನೆಯವರೆಗೂ ನೀನು ಒದ್ದಾಗ ‘ಅಯ್ಯೋ ಬಿಡೋ ಪುಣ್ಯಾತ್ಮ’ ಎಂದು ಬೈಯುತ್ತಿದ್ದೆ. ಇವತ್ತು ಒಂದೇ ಒಂದು ಒದೆತಕ್ಕಾಗಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಆಸ್ಪತ್ರೆಯ ಹಾಸಿಗೆಯಲ್ಲಿ ಕಾದಿದ್ದೇನೆ. ನರ್ಸಮ್ಮ ಯಂತ್ರ ಇಟ್ಟು ನಿನ್ನ ಎದೆಬಡಿತ ಕೇಳಿಸಿದರು. ಅದು ಓಡುತ್ತಿದೆ. ‘ಎಡ ಮಗ್ಗುಲಿಗೆ ಮಲಗಿ, ಮಗು ಜೊತೆ ಮಾತಾಡ್ತಾ ಇರಿ, ಅಲುಗಾಡಿದ ಕೂಡಲೇ ನನ್ನ ಕರೀರಿ’ ಎಂದು ಹೇಳಿ ಹೋದರು. ಜೋರಾಗಿ ಮಾತಾಡೋಣವೆಂದರೆ ಪಕ್ಕದ ಹಾಸಿಗೆಯವರಿಗೆ ಈಗಷ್ಟೇ ನಿದ್ದೆ ಹತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ. ಬರೆದದ್ದನ್ನು ತುಟಿಯಲ್ಲೇ ನಿನಗೆ ಓದಿ ಹೇಳುತ್ತಿದ್ದೇನೆ.

ನನ್ನ ದನಿ ನಿನಗೆ ಹೊಸದಲ್ಲ. ರೈಲು ನಿಲ್ದಾಣದ ಮೈಕಿನ ಮುಂದೆ ಕೂತು ಯಾವ ಗಾಡಿ ಬಂತು, ಯಾವುದು ತಡ ಎಂದು ಹೇಳುವುದೇ ನನ್ನ ಕೆಲಸ. ‘ಪ್ರಯಾಣಿಕರಿಗೆ ಆಗುವ ಅನಾನುಕೂಲಕ್ಕೆ ವಿಷಾದಿಸುತ್ತೇವೆ’ ಎಂದು ಇಷ್ಟು ವರ್ಷ ಎಷ್ಟು ಸಲೀಸಾಗಿ ಹೇಳಿಬಿಟ್ಟೆ! ಬೆಂಚಿನ ಮೇಲೆ ಕೂತವರ ಪಾಡು ಏನೆಂದು ಈಗ ಗೊತ್ತಾಗುತ್ತಿದೆ. ನನ್ನ ರಕ್ತವನ್ನು ಪರೀಕ್ಷೆಗೆ ಕಳಿಸಿದ್ದಾರೆ. ಅದರಲ್ಲಿ ಕ್ರಿಮಿ ಇದ್ದರೆ ಅದು ಬೆಳೆದು ಕಾಣಿಸಿಕೊಳ್ಳುವವರೆಗೆ ಸುಮ್ಮನಿರಬೇಕಂತೆ. ಔಷಧಿಯನ್ನಂತೂ ಆಗಲೇ ಹನಿ ಹನಿಯಾಗಿ ಕೈಗೆ ಇಳಿಸುತ್ತಿದ್ದಾರೆ.

ಇದೆಲ್ಲ ಶುರುವಾದದ್ದು ನಿನ್ನ ತಾತ ಮತ್ತು ನಿನ್ನ ಅಪ್ಪನ ಜಗಳದಿಂದ. ಹೊರಗೆ ಬಂದ ಮೇಲೆ ನೀನು ಅವರಿಬ್ಬರ ನಡುವೆಯೇ ಬದುಕಬೇಕಾದವನು, ಅಥವಾ ಬದುಕಬೇಕಾದವಳು. ಆದ್ದರಿಂದ ಈಗಲೇ ತಿಳಿದುಕೊಂಡಿರು.

ನಿನ್ನ ತಾತ, ಎಂದರೆ ನನ್ನ ಅಪ್ಪ, ಚೀಸ್ ಮಾಡುವವನು. ಮನೆಯ ಹಿಂದಿನ ತಣ್ಣನೆಯ ಕೋಣೆಯಲ್ಲಿ, ಬೆರಳು ತಡೆಯುವಷ್ಟೇ ಬೆಚ್ಚಗೆ ಮಾಡಿದ ಹಸಿ ಹಾಲಿಗೆ ಹೆಪ್ಪು ಹಾಕಿ, ಬಟ್ಟೆಯಲ್ಲಿ ಕಟ್ಟಿ, ನೀರು ಬಸಿದು, ಬಿಳೀ ಮೆದು ಚೀಸ್ ಮಾಡುತ್ತಾನೆ. ಹಾಲು ಕುದಿಸಿದರೆ ಅದರ ಜೀವ ಹೋಗುತ್ತದೆ ಎಂದು ಅವನ ನಂಬಿಕೆ. ಅವನು ಚಹಾಕ್ಕೂ ಹಸಿ ಹಾಲನ್ನೇ ಮೇಲಿಂದ ಹಾಕಿಕೊಳ್ಳುವ ಮನುಷ್ಯ. ಇನ್ನು ಆ ಹೆಪ್ಪು ಅವನ ಅಮ್ಮನಿಂದ ಬಂದದ್ದು. ಇವತ್ತಿನ ಹಾಲು ಬಸಿದ ನೀರಿನಲ್ಲಿ ಒಂದಿಷ್ಟನ್ನು ಮಣ್ಣಿನ ಗಡಿಗೆಯಲ್ಲಿ ಎತ್ತಿಟ್ಟು ನಾಳೆಯ ಹಾಲಿಗೆ ಹಾಕುವುದು, ನಾಳೆಯದರಲ್ಲಿ ಒಂದಿಷ್ಟನ್ನು ನಾಡಿದ್ದಿಗೆ. ಹೀಗೆ ಒಂದು ದಿನವೂ ತಪ್ಪಿಲ್ಲ. ಆ ಅಮ್ಮ ಸತ್ತ ದಿನವೂ ತಾತ ಮಸಣದಿಂದ ಬಂದು, ಸ್ನಾನ ಮಾಡಿ, ಮೊದಲು ಹೋಗಿ ನಿಂತದ್ದು ಆ ಗಡಿಗೆಯ ಮುಂದೆ.

ನಿನ್ನ ಅಪ್ಪ ಸರ್ಕಾರದ ಆಹಾರ ಸುರಕ್ಷತೆ ಕಚೇರಿಯಲ್ಲಿ ಅಧಿಕಾರಿ. ಹೋದ ವರ್ಷ ದೊಡ್ಡ ಕಾರ್ಖಾನೆಯೊಂದರ ಹಾಲಿನ ತಿನಿಸು ತಿಂದು ಬೇರೆ ಊರಿನ ಮಕ್ಕಳು ಕಾಯಿಲೆ ಬಿದ್ದರು. ಆ ಆಸ್ಪತ್ರೆಗೆ ಹೋಗಿ ಬಂದವರಲ್ಲಿ ಇವರೂ ಒಬ್ಬರು. ಬಂದವರು ಊಟ ಮಾಡಲಿಲ್ಲ, ಕೂತು ಕಾನೂನಿನ ಕರಡು ಬರೆದರು. ಹಾಲಿನ ಪದಾರ್ಥ ಮಾಡುವವರು ದೊಡ್ಡವರಿರಲಿ, ಚಿಕ್ಕವರಿರಲಿ, ಯಂತ್ರದಲ್ಲಿ ಹಾಲು ಕಾಯಿಸಲೇಬೇಕು. ಹೆಪ್ಪನ್ನು ಕಂಪನಿಯಿಂದಲೇ ಕೊಳ್ಳಬೇಕು. ಪ್ರತಿ ಸಲ ಮಾಡಿದ್ದನ್ನೂ ತಮ್ಮ ಖರ್ಚಿನಲ್ಲಿ ಪರೀಕ್ಷೆ ಮಾಡಿಸಿ, ಆಮೇಲೆ ಮಾರಬೇಕು.

ಅಲ್ಲಿಗೆ ನಮ್ಮ ಮನೆಯ ಊಟದ ಮೇಜು ವಿಧಾನಸಭೆಯಾಯಿತು.

‘ತಪ್ಪು ಮಾಡಿದ್ದು ಕಾರ್ಖಾನೆ. ಅವನು ಯಂತ್ರಾನ ಚಿಲ್ಲರೆ ಕಾಸಲ್ಲಿ ತಗೋತಾನೆ, ನಾನು ಮನೆ ಮಾರಬೇಕು. ಇದು ಸುರಕ್ಷತೆ ಅಲ್ಲ ಅಳಿಯಂದ್ರೇ, ನಮ್ಮಂಥೋರನ್ನ ಗುಡಿಸಿ ಹಾಕೋ ಪೊರಕೆ’ ಎನ್ನುವನು ತಾತ. ‘ಕ್ರಿಮಿ ಬಂದು ನೀವು ದೊಡ್ಡೋರಾ ಚಿಕ್ಕೋರಾ ಅಂತ ಕೇಳಲ್ಲ ಮಾವ. ಖರ್ಚಿನ ಮಾತನ್ನ ಆ ಮಕ್ಕಳ ತಾಯಂದಿರ ಮುಂದೆ ಬಂದು ಹೇಳಿ’ ಎನ್ನುವರು ಇವರು. ಸಾರು ಆರಿ ತಣ್ಣಗಾಗುತ್ತಿತ್ತು. ಇಬ್ಬರ ಮಾತೂ ನನಗೆ ಸರಿಯೆನಿಸುತ್ತಿತ್ತು. ಅದಕ್ಕಿಂತ ದೊಡ್ಡ ಶಿಕ್ಷೆ ಇನ್ನೊಂದಿಲ್ಲ ಕಂದಾ.

ಚಿಕ್ಕ ತಯಾರಕರೆಲ್ಲ ಸೇರಿ ಮೆರವಣಿಗೆ ಹೊರಟಾಗ ತಾತನೇ ಮುಂದಾಳು. ನಿನ್ನ ಅಪ್ಪನ ಕಚೇರಿಯ ಕಿಟಕಿಯ ಕೆಳಗೇ ನಿಂತು ಧಿಕ್ಕಾರ ಕೂಗಿದ. ಬಿಸಿಲು ನೆತ್ತಿ ಸುಡುತ್ತಿದ್ದುದನ್ನು ನೋಡಲಾರದೆ ಇವರು ಜವಾನನ ಕೈಯಲ್ಲಿ ಕೊಡೆ ಕಳಿಸಿದರು. ತಾತ ಕೊಡೆ ಬಿಚ್ಚಿ ಹಿಡಿದುಕೊಂಡು, ಅದರ ಕೆಳಗಿನಿಂದಲೇ ಇನ್ನೂ ಜೋರಾಗಿ ಧಿಕ್ಕಾರ ಕೂಗಿದನಂತೆ. ಸಂಜೆ ಕೊಡೆಯನ್ನು ಮಡಿಚಿ ತಂದು ಅಳಿಯನ ಕೈಗೇ ಕೊಟ್ಟ. ಇಂಥವರಿಬ್ಬರ ಮಧ್ಯೆ ಯಾರ ಪಕ್ಷ ಅಂತ ವಹಿಸುವುದು?

ಆ ಭಾನುವಾರ ಮಾತ್ರ ನಾನು ತಪ್ಪಿಸಿಕೊಳ್ಳಲು ಆಗಲಿಲ್ಲ. ತಾತ ಹೊಸದಾಗಿ ಬಟ್ಟೆ ಬಿಚ್ಚಿದ ಚೀಸಿನ ಮೊದಲ ಹೋಳನ್ನು ನನ್ನ ತಟ್ಟೆಗೆ ಹಾಕಿದ. ‘ತಿನ್ನಮ್ಮ. ನೀನು ಹೊಟ್ಟೇಲಿದ್ದಾಗ ನಿಮ್ಮಮ್ಮ ದಿನಾ ತಿಂತಿದ್ಲು.’ ಹಸಿ ಹಾಲಿನದ್ದು ಬಸುರಿಯರಿಗೆ ಬೇಡ, ಕೆಲವು ಕ್ರಿಮಿ ತಾಯಿಗೆ ಬರೀ ಜ್ವರ ತರುತ್ತವೆ, ಮಗುವನ್ನೇ ಹಿಡಿಯುತ್ತವೆ ಎಂದು ಇವರು ನನಗೆ ಮೊದಲ ತಿಂಗಳಲ್ಲೇ ಹೇಳಿದ್ದರು. ಇಬ್ಬರೂ ನನ್ನ ತಟ್ಟೆಯನ್ನೇ ನೋಡುತ್ತಿದ್ದರು. ತಿಂದರೆ ಅಪ್ಪನ ಮಗಳು, ಬಿಟ್ಟರೆ ಅಧಿಕಾರಿಯ ಹೆಂಡತಿ. ಅಪ್ಪನ ಮುಖ ನೋಡಿದೆ. ತಿಂದುಬಿಟ್ಟೆ. ರುಚಿಯಾಗಿಯೂ ಇತ್ತು, ಸುಳ್ಳೇಕೆ ಹೇಳಲಿ. ನಿನ್ನ ಅಪ್ಪ ನೀರಿನ ಲೋಟವನ್ನು ನನ್ನ ಕಡೆ ಸರಿಸಿದರು, ಅಷ್ಟೇ.

ಮುಂದಿನ ವಾರ ಜ್ವರ ಬಂತು. ಡಾಕ್ಟರಮ್ಮ ಏನೇನು ತಿಂದಿರಿ ಎಂದು ಕೇಳುತ್ತ ಹೋದರು, ಚೀಸ್ ಎಂದಾಗ ತಲೆ ಎತ್ತಿದರು. ಅದರಲ್ಲೇ ಕ್ರಿಮಿ ಇದ್ದಿರಬಹುದು ಎಂದರು. ಇದನ್ನು ನಿನ್ನ ಅಪ್ಪನಿಗೆ ಹೇಳಿದರೆ ಈಗಿರುವ ಕಾನೂನಿನ ಪ್ರಕಾರವೇ ಅವರು ದೂರು ದಾಖಲಿಸಿ ಮಾವನ ಕೋಣೆಗೆ ಬೀಗ ಹಾಕಬೇಕು. ತಾತನಿಗೆ ಹೇಳಿದರೆ ಆ ಮನುಷ್ಯ ಉಳಿಯುವುದೇ ಅನುಮಾನ. ಯಾರಿಗೂ ಹೇಳದಿದ್ದರೆ ಅದೇ ಚೀಸನ್ನು ಇನ್ನೊಬ್ಬ ಬಸುರಿ ತಿಂದಾಳು. ಈ ಮೂರನೆಯದನ್ನು ನೆನೆದ ಮೇಲೆ ಸುಮ್ಮನಿರಲಾಗಲಿಲ್ಲ. ಇಬ್ಬರನ್ನೂ ಕರೆಸಿ, ಹಾಸಿಗೆಯ ಆಚೆಗೊಬ್ಬರು ಈಚೆಗೊಬ್ಬರು ನಿಂತಿರುವಾಗ ಒಂದೇ ಉಸಿರಿನಲ್ಲಿ ಹೇಳಿದೆ, ಮೈಕಿನ ಮುಂದೆ ಹೇಳುವ ದನಿಯಲ್ಲೇ.

ನಿನ್ನ ಅಪ್ಪ ಕನ್ನಡಕ ತೆಗೆದು ಒರೆಸತೊಡಗಿದರು. ತಾತ ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದ. ಅವನ ನಡಿಗೆ ನೋಡಿ ನನಗೆ ಹೆದರಿಕೆಯಾಯಿತು. ‘ಹೋಗ್ರೀ, ಅಪ್ಪನ ಹಿಂದೆ ಹೋಗಿ’ ಎಂದೆ.

ಅಲ್ಲಿ ನಡೆದದ್ದನ್ನು ನಿನ್ನ ಅಪ್ಪ ಆಮೇಲೆ ಹೇಳಿದರು. ಇವರು ಹೋಗುವಷ್ಟರಲ್ಲಿ ಮಾರಾಟಕ್ಕಿದ್ದ ಚೀಸೆಲ್ಲ ಕಸದ ಡಬ್ಬಿ ಸೇರಿತ್ತು. ತಾತ ಆ ಮಣ್ಣಿನ ಗಡಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಚರಂಡಿಯ ಬಾಯಿಗೆ ಬಗ್ಗಿಸುತ್ತಿದ್ದ. ‘ಮಾವ, ಬೇಡಿ, ತಡೀರಿ! ಫಲಿತಾಂಶ ಬರ್ಲಿ, ಇದರದ್ದೇ ತಪ್ಪು ಅಂತ ಯಾರು ಹೇಳಿದ್ರು?’ ಎಂದು ಕೂಗಿಕೊಂಡವರು ಯಾರು ಗೊತ್ತೇ? ಅಂಥ ಗಡಿಗೆಯ ಹೆಪ್ಪೇ ಕೂಡದೆಂದು ಕಾನೂನಿನ ಕರಡು ಬರೆದವರೇ. ತಾತ ನಿಲ್ಲಿಸಲಿಲ್ಲ. ‘ಅದು ಬರೋವರೆಗೆ ಇನ್ನೊಬ್ಬರ ಮನೆ ಮಗಳು ತಿಂದ್ರೆ?’ ಎಂದನಂತೆ. ತಳದಲ್ಲಿ ಉಳಿದ ನಾಲ್ಕು ಹನಿಯನ್ನು ಇವರು ಪರೀಕ್ಷೆಗೆಂದು ಸೀಸೆಗೆ ಹಾಕಿಕೊಂಡು ಬಂದರು.

ಪರೀಕ್ಷಾಲಯದ ಸರತಿಯಲ್ಲಿ ಇವರು ಜನ್ಮದಲ್ಲಿ ಮೊದಲ ಸಲ ನಿಂತರು. ಅಲ್ಲಿನ ಗುಮಾಸ್ತ ಶುಲ್ಕ ಹೇಳಿದ, ಫಲಿತಾಂಶಕ್ಕೆ ವಾರದ ಮೇಲಾಗುತ್ತದೆ ಎಂದ. ಬಂದು ನನ್ನ ಕಾಲ ಬಳಿ ಕೂತರು. ‘ಅಷ್ಟರಲ್ಲಿ ಆ ಚೀಸೇ ಹುಳಿ ಬಂದಿರುತ್ತೆ ಕಣೆ. ಇನ್ನು ಮಾರೋದೇನು? ಮಾವ ಒಂದು ವರ್ಷದಿಂದ ಇದನ್ನೇ ಹೇಳ್ತಿದ್ರು.’ ಆಮೇಲೆ, ‘ಆದರೂ ಕಾನೂನು ಬೇಡ ಅಂತ ಹೇಗೆ ಹೇಳ್ಲಿ, ನಿನ್ನ ಹೀಗೆ ನೋಡ್ತಾ?’ ಎಂದರು. ಕಣ್ಣು ತುಂಬಿತ್ತು. ನಾನು ಅವರ ಕೈ ಹಿಡಿದುಕೊಂಡೆ.

ನಿನ್ನೆ ಸಂಜೆ ಇಬ್ಬರೂ ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ಬಾಗಿಲು ಅರೆ ತೆರೆದಿತ್ತು. ತಾತ ಕೇಳಿದ್ದು ನನ್ನ ಕಿವಿಗೆ ಬಿತ್ತು. ‘ಅಳಿಯಂದ್ರೇ, ಹೆಪ್ಪಲ್ಲಿ ಏನೂ ಇಲ್ಲ ಅಂತ ಬಂದ್ರೆ, ಅಮ್ಮ ಕೊಟ್ಟಿದ್ದನ್ನ ನಾನು ಸುಮ್ಸುಮ್ನೆ ಚೆಲ್ದೆ ಅಂತಾಯ್ತು. ಇದೆ ಅಂತ ಬಂದ್ರೆ, ಮಗಳ ತಟ್ಟೆಗೆ ನನ್ನ ಕೈಯಾರೆ ವಿಷ ಹಾಕ್ದೆ ಅಂತಾಯ್ತು. ಇದ್ರಲ್ಲಿ ಯಾವುದು ಬರ್ಲಿ ಅಂತ ಬೇಡ್ಕೊಳ್ಳಿ, ನೀವೇ ಹೇಳಿ.’ ಎಲ್ಲದಕ್ಕೂ ಉತ್ತರ ಇಟ್ಟುಕೊಂಡಿರುವ ನಿನ್ನ ಅಪ್ಪ ಎದ್ದು ಹೋಗಿ ಮಾವನಿಗೆ ಕುಡಿಯಲು ನೀರು ತಂದುಕೊಟ್ಟರು. ನಾನು ಗೋಡೆಯ ಕಡೆ ತಿರುಗಿ ಅತ್ತೆ. ನೀನು ಆಗ ಒಂದು ಸಲ ಹೊರಳಿದೆ. ಆಮೇಲೆ ಇಲ್ಲ.

ಇಲ್ಲಿಯವರೆಗೆ ಬರೆದಿದ್ದೆ, ನಿನ್ನ ಅಪ್ಪನ ಜೊತೆ ತಾತ ಬಂದ. ಕೈಯಲ್ಲಿ ಫ್ಲಾಸ್ಕು. ಮುಚ್ಚಳ ತೆಗೆದದ್ದೇ ತಡ, ವಾರ್ಡಿಗೆಲ್ಲ ಸೀದ ವಾಸನೆ. ‘ಹಾಲು’ ಎಂದ. ಆಮೇಲೆ ನೆಲ ನೋಡುತ್ತ, ‘ಕುದಿಸಿದೀನಿ’ ಎಂದ. ‘ಮತ್ತೆ ಮತ್ತೆ ಕುದಿಸಿದೀನಿ. ತಳ ಹತ್ಕೊಂಡ್ಬಿಡ್ತು. ಅಭ್ಯಾಸ ಇಲ್ಲ ನೋಡು’ ಎಂದ. ಅವನ ಹೆಬ್ಬೆರಳಿನಲ್ಲಿ ಸುಟ್ಟ ಬೊಬ್ಬೆ ಎದ್ದಿತ್ತು. ಜೀವಮಾನವಿಡೀ ಹಾಲಿನ ಜೊತೆಯೇ ಬದುಕಿದವನು ಮೊದಲ ಸಲ ಅದನ್ನು ಕುದಿಸಿ ತಂದಿದ್ದ. ನಿನ್ನ ಅಪ್ಪ ಮುಚ್ಚಳಕ್ಕೆ ಬಗ್ಗಿಸಿಕೊಂಡು ಮೊದಲು ತಾವು ಕುಡಿದರು. ಮುಖ ಸಿಂಡರಿಸಿಕೊಳ್ಳದಿರಲು ಅವರು ಪಟ್ಟ ಕಷ್ಟ ನೀನು ನೋಡಬೇಕಿತ್ತು. ‘ಚೆನ್ನಾಗಿದೆ ಮಾವ’ ಎಂದರು. ತಿನ್ನುವ ಪದಾರ್ಥದ ವಿಷಯದಲ್ಲಿ ನಿನ್ನ ಅಪ್ಪ ಹೇಳಿದ ಮೊದಲ ಸುಳ್ಳು ಅದು.

ನಾನೂ ಕುಡಿದೆ. ಬಿಸಿಯಾಗಿ, ಕಹಿಯಾಗಿ ಒಳಗಿಳಿಯಿತು. ಎಡ ಮಗ್ಗುಲಿಗೆ ಮಲಗಿದೆ. ಇಬ್ಬರೂ ಉಸಿರು ಬಿಗಿಹಿಡಿದು ನಿಂತರು. ಗೋಡೆಯ ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ಕಣ್ಣು ಮುಚ್ಚಿಕೊಂಡೆ. ಆಗ ನೀನು ಒದ್ದೆ ಕಂದಾ! ಎಂಥ ಒದೆತ, ಕೈಯಲ್ಲಿದ್ದ ಮುಚ್ಚಳವೇ ಹಾರಿಬಿತ್ತು. ನಾನು ಅಳುತ್ತಲೇ ನರ್ಸಮ್ಮನನ್ನು ಕೂಗಿದೆ.

ಅವರು ಬರುವ ಮೊದಲೇ ಇವರಿಬ್ಬರದು ಶುರು. ‘ನೋಡಿದ್ರಾ, ಹಾಲಿನ ಶಕ್ತಿ ಅದು’ ಎಂದ ತಾತ, ಕಣ್ಣೊರೆಸಿಕೊಳ್ಳುತ್ತ. ‘ಕುದಿಸಿದ ಹಾಲಿಂದು ಮಾವ’ ಎಂದರು ನಿನ್ನ ಅಪ್ಪ, ಮೂಗು ಒರೆಸಿಕೊಳ್ಳುತ್ತ. ಈಗ ಕಾರಿಡಾರಿನಲ್ಲಿ ಅದೇ ನಡೆದಿದೆ. ಪರೀಕ್ಷೆಯ ಖರ್ಚು ಸರ್ಕಾರವೇ ಕೊಟ್ಟರೆ ತಾನು ಹಾಲು ಕಾಯಿಸುವ ಬಗ್ಗೆ ಯೋಚನೆ ಮಾಡುತ್ತಾನಂತೆ ತಾತ, ಒಪ್ಪುತ್ತೇನೆಂದು ಮಾತ್ರ ಹೇಳಿಲ್ಲವಂತೆ. ನರ್ಸಮ್ಮ ಇಬ್ಬರನ್ನೂ ಗದರುತ್ತಿದ್ದಾರೆ. ಇಷ್ಟು ದಿನ ಕೇಳಿ ತಲೆನೋವು ಬರುತ್ತಿದ್ದ ಜಗಳ, ಇವತ್ತು ನಿಲ್ಲದಿದ್ದರೆ ಸಾಕು ಅನಿಸುತ್ತಿದೆ.

ನನ್ನ ರಕ್ತದ ಫಲಿತಾಂಶ ಇನ್ನೂ ಬಂದಿಲ್ಲ. ಸೀಸೆಯದ್ದೂ ಬಂದಿಲ್ಲ. ಭಯ ಎದೆಯಲ್ಲೇ ಕೂತಿದೆ, ನಿನ್ನ ಹತ್ತಿರ ಮುಚ್ಚಿಡುವುದೇನು. ಅಲ್ಲಿಯವರೆಗೆ ನಿನಗೆ ನನ್ನದೊಂದೇ ಕೋರಿಕೆ. ಸುಮ್ಮನಿರಬೇಡ. ನಮ್ಮ ಮನೆಯಲ್ಲಿ ಯಾರೂ ಸುಮ್ಮನಿರುವವರಲ್ಲ.

ಗಟ್ಟಿಯಾಗಿ ಬಾ, ಕೈಕಾಲು ಆಡಿಸುತ್ತ ಬಾ, ಇಬ್ಬರಿಗೂ ಎದುರು ಮಾತಾಡುವಷ್ಟು ನೂರು ಕಾಲ ಬಾಳು.

ನಿನ್ನ ಮುಂದಿನ ಒದೆತಕ್ಕೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೇ ಇರುವ,
ನಿನ್ನ ಅಮ್ಮ