ಕಾರಿಗೆ ಏರಿದ ಛತ್ರಿ ಕಡ್ಡಿ

ರೀ,

ಎರಡನೇ ಬಸ್ಸಿಗೆ ಹೊರಟಿದ್ದೀನಿ. ಮೊದಲನೇದು ತಪ್ಪಿದ್ದಕ್ಕೆ ನೀವೇ ಕಾರಣ.

ಖರ್ಚಿಲ್ಲದೆ ಕಾರಿಗೆ ಆಂಟೆನಾ ಮಾಡ್ತೀನಿ ಅಂದಾಗ ನನ್ನ ಛತ್ರಿ ಕಡ್ಡಿಗೇ ಕೈ ಹಾಕ್ತೀರಿ ಅಂದ್ಕೊಂಡಿರಲಿಲ್ಲ. ಸಾಲದ್ದಕ್ಕೆ, ಯಾರಾದರೂ ಅದನ್ನ ಹಿಡ್ಕೊಂಡಿದ್ರೆ ಮಾತ್ರ ರೇಡಿಯೋ ಹಾಡುತ್ತೆ! ನಿಮ್ಮಮ್ಮ ಬೆಳಗ್ಗೆಯಿಂದ ಮುಂದಿನ ಸೀಟಲ್ಲಿ ಕೂತು, ಕಿಟಕಿಯಿಂದ ಕೈ ಚಾಚಿ ಹಿಡ್ಕೊಂಡಿದ್ದಾರೆ. "ಇಳೀರಿ ಅತ್ತೆ" ಅಂದ್ರೆ, "ನನ್ನ ಮಗ ಮಾಡಿದ್ದು, ಬಿಟ್ರೆ ನಿಂತ್ಹೋಗುತ್ತೆ ಕಣೇ" ಅಂತಾರೆ.

ತಿಂಡಿ ಕಾರಿಗೇ ಕೊಟ್ಟಿದ್ದೀನಿ. ಎದ್ದ ತಕ್ಷಣ ಹೋಗಿ ಅವರ ಕೈಗೆ ಬಿಡುವು ಕೊಡಿ. ನನ್ನ ಛತ್ರಿಗೆ ಹೊಸ ಕಡ್ಡಿ ಹಾಕಿಸಿ. ಕಾರಿಂದು ಬಿಚ್ಚಬೇಡಿ.

ಅತ್ತೆ ಕಾಫಿ ಕುಡಿಯೋವರೆಗೆ ನಾನೂ ಹಿಡ್ಕೊಂಡಿದ್ದೆ. ಒಂದು ಹಳೇ ಹಾಡು ಬಂತು. ಬಸ್ಸು ಕಣ್ಣೆದುರೇ ಹೋಯ್ತು, ಕೈ ಬಿಡೋಕೆ ಮನಸ್ಸಾಗಲಿಲ್ಲ.