ಬಚ್ಚಲಿನಿಂದ ನೀವು ಕರೆದೊಯ್ದವಳ ಅರ್ಜಿಯನ್ನು ಓದಿ

ಮಾನ್ಯ ವಲಸೆ ನಿಯಂತ್ರಣಾಧಿಕಾರಿಗಳೇ,

ಕಳೆದ ಮಂಗಳವಾರ ಬೆಳಿಗ್ಗೆ ನಿಮ್ಮ ಇಬ್ಬರು ಸಿಬ್ಬಂದಿ ನಮ್ಮ ಮನೆಯ ಬಚ್ಚಲಿನಿಂದ ಒಬ್ಬ ಹೆಂಗಸನ್ನು ಕರೆದೊಯ್ದರು. ಪಾರ್ಶ್ವವಾಯು ಬಡಿದ ನನ್ನ ಹೆಂಡತಿಯನ್ನು ನಾಲ್ಕು ವರ್ಷದಿಂದ ನೋಡಿಕೊಳ್ಳುತ್ತಿದ್ದ, ಪರದೇಶದಿಂದ ಬಂದ ದಾದಿ ಅವಳು. ಕೈಯಲ್ಲಿ ಸೋಪಿನ ನೊರೆಯಿತ್ತು.

“ಅಕ್ಕನ ಬೆನ್ನಿಗೆ ನೀರು ಹಾಕಿ ಬರ್ತೀನಿ, ಎರಡೇ ನಿಮಿಷ,” ಎಂದಳು.

“ಪರವಾನಗಿ ಮುಗಿದು ಆರು ತಿಂಗಳಾಯ್ತಮ್ಮ,” ಎಂದರು ನಿಮ್ಮವರು.

ನವೀಕರಣದ ಅರ್ಜಿ ಹನ್ನೊಂದು ತಿಂಗಳಿಂದ ನಿಮ್ಮ ಕಚೇರಿಯಲ್ಲೇ ಇದೆಯೆಂದು ನಾನು ರಸೀದಿ ತೋರಿಸಿದೆ. ಕಾಯಿಸಿದವರು ನೀವು, ತಪ್ಪು ಕಾದವಳದ್ದು; ಇದು ಯಾವ ನ್ಯಾಯ? “ರಸೀದಿ ಪರವಾನಗಿ ಆಗಲ್ಲ ಸಾರ್,” ಎಂದು ಅವರಲ್ಲೊಬ್ಬರು ಟವೆಲನ್ನು ನನ್ನ ಕೈಗಿತ್ತು, ಬಚ್ಚಲಿಗೆ ಬೆನ್ನು ಮಾಡಿ ನಿಂತರು. ಆ ಸೌಜನ್ಯಕ್ಕೆ ನಾನು ಚಿರಋಣಿ.

ಮರುದಿನ ನಿಮ್ಮ ಕಚೇರಿಗೆ ಬಂದೆ. ಗುಮಾಸ್ತರು ಕಡತ ತಿರುಗಿಸಿ ತೋರಿಸಿದರು. “ನಾವಾಗೇ ಬಂದದ್ದಲ್ಲ ಸಾರ್, ನಿಮ್ಮ ಬೀದಿಯವರೇ ಕರೆಸಿದ್ದು.” ಕಡತದಲ್ಲಿದ್ದ ಬೀದಿಯವರ ಮನವಿಯ ಕೆಳಗೆ ಮೂರನೆಯ ಸಹಿ ನನ್ನದು.

ಹೌದು, ಬೀದಿಯಲ್ಲಿ ಎರಡು ಸೈಕಲ್ ಕಳುವಾದಾಗ ‘ಕಾಗದಪತ್ರವಿಲ್ಲದ ಹೊರಗಿನವರನ್ನು ತೆರವುಗೊಳಿಸಿ’ ಎಂಬ ಆ ಮನವಿಗೆ ನಾನೂ ಸಹಿ ಹಾಕಿದ್ದೆ. ನಿವೃತ್ತ ಭಾಷಾ ಮೇಷ್ಟ್ರಾದ್ದರಿಂದ ಕಾಗುಣಿತವನ್ನೂ ತಿದ್ದಿಕೊಟ್ಟಿದ್ದೆ. ‘ಹೊರಗಿನವರು’ ಎಂದು ಓದಿದಾಗ ನಮ್ಮ ಮನೆಯೊಳಗಿದ್ದವಳು ನೆನಪಿಗೇ ಬರಲಿಲ್ಲ. ಪಕ್ಕದ ಮನೆಯಾತನಿಗೂ ಅಷ್ಟೇ. “ನಿಮ್ಮವಳನ್ನ ಅಲ್ಲ ಸಾರ್ ನಾವು ಹೇಳಿದ್ದು, ಬೇರೆಯವರನ್ನ,” ಎಂದ. ಈ ಬೇರೆಯವರು ಯಾರ ಮನೆಯಲ್ಲಿರುತ್ತಾರೆ, ಸ್ವಾಮಿ? ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಮಾಡಿದವನು ನಾನು, ಉಣ್ಣುತ್ತಿರುವವಳು ಅವಳು. ಸಹಿ ಹಿಂಪಡೆಯುತ್ತೇನೆಂದರೆ ಗುಮಾಸ್ತರು, “ಅದಕ್ಕೆ ಫಾರಂ ಇಲ್ಲ,” ಎಂದರು.

ಶುಕ್ರವಾರ ಬಂಧನ ಕೇಂದ್ರದ ಗಾಜಿನಾಚೆ ಅವಳನ್ನು ಕಂಡೆ. ತನ್ನ ಕಷ್ಟದ ಮಾತೇ ಇಲ್ಲ.

“ಅಕ್ಕನ್ನ ತುಂಬಾ ಹೊತ್ತು ಎಡಗಡೆ ಮಲಗಿಸಬೇಡಿ ಅಣ್ಣಾ, ಹುಣ್ಣಾಗುತ್ತೆ. ಊಟಕ್ಕೆ ಬಾಯಿ ತೆರೀದಿದ್ರೆ ಗದರಬೇಡಿ.” ಆಮೇಲೆ ಮೆಲ್ಲಗೆ ಕೇಳಿದಳು: “ನನ್ನ ವಿಷಯ ಯಾರು ಹೇಳಿರಬಹುದು?”

“ಗೊತ್ತಿಲ್ಲ ತಾಯಿ,” ಎಂದೆ. ಮೂವತ್ತೆರಡು ವರ್ಷ ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಪಾಠ ಮಾಡಿದ ಬಾಯಿ ಇದು.

ಅವಳನ್ನು ವಾಪಸು ಕಳಿಸುವ ದಿನ ನಿಗದಿಯಾಗಿದೆಯಂತೆ. ನನ್ನ ಬೇಡಿಕೆ ಒಂದೇ: ಅದಕ್ಕೆ ಮೊದಲು ಆ ಅರ್ಜಿಯನ್ನು ತೆರೆದು ಓದಿ. ಹೂಂ ಎನ್ನಿ, ಇಲ್ಲವೆನ್ನಿ, ಓದಿ ಅನ್ನಿ. ನೀವು ಓದುವುದಿಲ್ಲವೆಂದೂ ಬಲ್ಲೆ. ಹಾಗಾದರೆ ಈ ಪತ್ರವನ್ನಾದರೂ ಅವಳಿಗೆ ಓದಿ ಹೇಳಿಸಿ. ಎದುರು ಕೂತು ಹೇಳುವ ಧೈರ್ಯ ನನಗಾಗಲಿಲ್ಲ.

ಇಂತಿ,
ಹೆಂಡತಿಗೆ ನೆಟ್ಟಗೆ ಒಂದು ಜಡೆ ಹೆಣೆಯಲೂ ಬಾರದ
ಒಬ್ಬ ಗಂಡ